ಹೆಬ್ಬೆರಳಿನಡಿಯ ಸಾಲು

ನನ್ನ ಮಗಳನ್ನು ಯಾರೂ ಮರುಳು ಮಾಡಿ ಕರೆದೊಯ್ಯಲಿಲ್ಲ. ಅವಳೇ ಹೋದಳು. ನಡೆದದ್ದು ಅಷ್ಟೇ. ಅಷ್ಟನ್ನು ಒಪ್ಪಿಕೊಳ್ಳಲು ನನಗೆ ಕ್ರಿಸ್ಮಸ್ ಕಳೆದು ಮಾವಿನಕಾಯಿ ಬಲಿಯುವ ತನಕ ಹಿಡಿಯಿತು. ಅದೂ ಒಬ್ಬ ಮುದುಕಿಯ ಹೆಬ್ಬೆರಳು ಇದ್ದದ್ದರಿಂದ.

ಆ ಹೆಬ್ಬೆರಳಿಗೆ ಉಗುರಿರಲಿಲ್ಲ. ಯಾವ ಕಾಲದಲ್ಲೋ ಒರಳುಕಲ್ಲಿಗೆ ಸಿಕ್ಕಿ ಹೋಗಿತ್ತು. ತುದಿ ಮಾತ್ರ ಹುಣಸೆಬೀಜದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಆ ಬೆರಳಿನ ಒಡತಿಯನ್ನು ಇಡೀ ಬೀದಿ ಉಪದೇಶಿಯಮ್ಮ ಎನ್ನುತ್ತಿತ್ತು. ಮಕ್ಕಳಿಗೆ ಜಪ ಕಲಿಸುವುದು, ಕಾಯಿಲೆಯವರ ಮನೆಗೆ ಹೋಗಿ ಪ್ರಾರ್ಥನೆ ಮಾಡುವುದು ಅವರ ಕೆಲಸ. ನಂಜನಗೂಡಿನ ನಮ್ಮ ಬೀದಿಯಲ್ಲಿ ಕ್ರೈಸ್ತರ ಮನೆಗಳು ಕೆಲವೇ. ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಹೆಂಗಸರು ಉಪದೇಶಿಯಮ್ಮನ ಜಗಲಿಗೆ ಹೋಗಿ ಕೂರುವುದು ವಾಡಿಕೆ. ಪಕ್ಕದ ಮನೆಯ ಲಿಂಗಾಯತರ ಅಕ್ಕನೂ ಹಣೆ ತುಂಬ ವಿಭೂತಿ ಇಟ್ಟುಕೊಂಡು, ಮೊರದಲ್ಲಿ ಅಕ್ಕಿ ತಂದು ಕಲ್ಲು ಆರಿಸುತ್ತಾ ಕೇಳುತ್ತಿದ್ದಳು. ಬರಬೇಡ ಎಂದವರಿಲ್ಲ.

ಉಪದೇಶಿಯಮ್ಮ ಶುಭಸಂದೇಶದ ಪುಸ್ತಕ ತೆಗೆದು ಒಂದೇ ಒಂದು ಸಾಲು ಓದುವರು. ಮುಂದಿನ ಸಾಲು ಹೆಬ್ಬೆರಳಿನ ಅಡಿಯಲ್ಲಿ. ಓದಿದ ಆ ಒಂದು ಸಾಲಿನ ಮೇಲೆ ಒಂದಿಷ್ಟು ಮಾತು, ಒಂದು ಜಪ, ಮುಗಿಯಿತು. ಆಮೇಲೇನಾಯಿತು ಎಂದು ಯಾರಾದರೂ ಕೇಳಿದರೆ, "ನಾಳೆ ಬಾ" ಎನ್ನುವರು. "ಮುದ್ದೇನ ಅಗೀಬಾರ್ದು, ನುಂಗಬೇಕು. ಇದನ್ನ ನುಂಗಬಾರ್ದು, ಅಗೀಬೇಕು" ಎಂಬುದು ಅವರ ದಿನನಿತ್ಯದ ಮಾತು.

ಭಕ್ತಿ ಇತ್ತು, ಆದರೆ ಮೆತ್ತನೆಯ ಹೆಂಗಸೇನಲ್ಲ. ಕಣ್ಣು ಮುಚ್ಚಿ ಜಪ ಹೇಳುತ್ತಲೇ ಅಂಗಳಕ್ಕೆ ನುಗ್ಗಿದ ಮೇಕೆಯ ಕಡೆ ಕೈಗೆ ಸಿಕ್ಕಿದ್ದನ್ನು ಎಸೆಯುವರು, ಗುರಿ ತಪ್ಪುತ್ತಿರಲಿಲ್ಲ. ಹಾಡು ಮಾತ್ರ ದೇವರೇ ಕಾಪಾಡಬೇಕು. ಅವರು ಹಾಡಲು ಶುರು ಮಾಡಿದರೆ ಲಿಂಗಾಯತರ ಅಕ್ಕ ಮೊರ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಪ್ರತಿ ವರ್ಷ ಕ್ರಿಸ್ಮಸ್ ಆದ ಮೇಲೆ ಬಾಲಯೇಸು ಕಾಣೆಯಾದ ಕತೆ ಬರುತ್ತಿತ್ತು. ಹನ್ನೆರಡು ವರ್ಷದ ಮಗ. ತಾಯಿ ತಂದೆ ಹಬ್ಬಕ್ಕೆಂದು ಜೆರುಸಲೇಮಿಗೆ ಕರೆದುಕೊಂಡು ಹೋಗಿ ವಾಪಸು ಬರುವಾಗ ಹುಡುಗ ಅಲ್ಲೇ ಉಳಿದುಬಿಟ್ಟ. ಜೊತೆಯವರೊಂದಿಗೆ ಇದ್ದಾನೆಂದು ಇವರು ಒಂದು ದಿನದ ದಾರಿ ನಡೆದುಬಂದರು. ಆಮೇಲೆ ತಿರುಗಿ ಹೋಗಿ ಹುಡುಕಿದರೆ, ಮೂರು ದಿನದ ಮೇಲೆ ದೇವಾಲಯದಲ್ಲಿ ದೊಡ್ಡವರ ನಡುವೆ ಕೂತು ಪ್ರಶ್ನೆ ಕೇಳುತ್ತಿದ್ದ.

ಹೆತ್ತವರು ಮಗನನ್ನು ಹೇಗೆ ಮರೆತರು ಎಂದು ನಮ್ಮ ಬೀದಿಯಲ್ಲಿ ಯಾರೂ ಕೇಳುತ್ತಿರಲಿಲ್ಲ. ನಾವೇ ಒಮ್ಮೆ ಹಾಗೆ ಮಾಡಿದ್ದೆವು. ತಿರುಮಕೂಡಲು ನರಸೀಪುರದಲ್ಲಿ ಸಿಸ್ಟರಮ್ಮಂದಿರ ಕಾನ್ವೆಂಟಿನ ಹಬ್ಬಕ್ಕೆ ಹೋಗಿದ್ದಾಗ ಹೆಂಗಸರಿಗೊಂದು ಟೆಂಪೋ, ಗಂಡಸರಿಗೊಂದು ಟ್ರಾಕ್ಟರು. ನನ್ನ ಮಗಳು ಆಗ ಚಿಕ್ಕವಳು. ಅಪ್ಪನ ಜೊತೆ ಇದ್ದಾಳೆಂದು ನಾನು, ಅಮ್ಮನ ಜೊತೆ ಇದ್ದಾಳೆಂದು ನನ್ನ ಗಂಡ. ಅರ್ಧ ದಾರಿಯಲ್ಲಿ ಟೀ ಕುಡಿಯಲು ನಿಂತಾಗ ಗೊತ್ತಾಯಿತು. ವಾಪಸು ಓಡಿದರೆ, ಕಾನ್ವೆಂಟಿನ ಅಡುಗೆಮನೆಯಲ್ಲಿ ಸಿಸ್ಟರುಗಳ ನಡುವೆ ಚಕ್ಕಳಮಕ್ಕಳ ಹಾಕಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಬೆನ್ನಿಗೆ ಒಂದು ಬಿಟ್ಟೆ. ಅವಳು ಅಳಲಿಲ್ಲ. "ಇನ್ನೊಂಚೂರು ಅದೆ, ಮುಗ್ಸಿ ಬತ್ತೀನಿ" ಅಂದಳು.

ಆವತ್ತಿನಿಂದ ಉಪದೇಶಿಯಮ್ಮ ಬಾಲಯೇಸುವಿನ ಆ ಕತೆ ಬಂದಾಗಲೆಲ್ಲ ನಮ್ಮ ಟೆಂಪೋ ಕತೆಯನ್ನೇ ಹೇಳುವರು. ಬೀದಿಯೆಲ್ಲ ನಗುತ್ತಿತ್ತು, ನಾನೂ ನಗುತ್ತಿದ್ದೆ.

ಮಗಳು ಬೆಳೆದಳು. ಪಿಯುಸಿ ಮುಗಿಸಿ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಬಿಳಿಗೆರೆ ಕಡೆಯಿಂದ ಗಂಡಿನವರು ಬಂದು ನೋಡಿ ಒಪ್ಪಿ ಹೋಗಿದ್ದರು. ಕ್ರಿಸ್ಮಸ್ ಆಗಿ ಕೆಲವು ದಿನಕ್ಕೆ ಅವಳು ನನ್ನೆದುರು ನಿಂತು, "ಅವ್ವ, ನಂಗೆ ಮದ್ವೆ ಬ್ಯಾಡ. ನಾನು ನರಸೀಪುರದ ಸಿಸ್ಟರುಗಳ ಜೊತೆ ಸೇರ್ಕೊತೀನಿ" ಅಂದಳು. ಕೂಗಾಡಿದೆ, ಊಟ ಬಿಟ್ಟೆ, ಬಾಗಿಲಿಗೆ ಅಡ್ಡ ಮಲಗಿದೆ. ಅವಳು ನನ್ನನ್ನು ದಾಟಿಕೊಂಡು ಹೋದಳು. ಟ್ರಂಕಿನ ಇನ್ನೊಂದು ಹಿಡಿ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ತನಕ ಹೋದವರು ಉಪದೇಶಿಯಮ್ಮ.

ಮಾರನೆಯ ಬೆಳಿಗ್ಗೆ ಎಲ್ಲರೂ ಕೂತಿದ್ದಾಗಲೇ ಜಗಲಿಯ ಕೆಳಗೆ ನಿಂತು ಕೇಳಿದೆ. ಅಷ್ಟು ವರ್ಷ ನೀವು ಎನ್ನುತ್ತಿದ್ದವಳು ಅವತ್ತು ನೀನು ಎಂದೆ.

"ನನ್ ಮಗಳ ತಲೆ ಕೆಡ್ಸಿದ್ದು ನೀನೇಯ. ದಿನಾ ಬೆಳಗ್ಗೆ ಕೂರಿಸ್ಕೊಂಡು ಓದಿ ಓದಿ ಕೆಡ್ಸಿಟ್ಟೆ."

ಅವರು ಅಲ್ಲ ಎನ್ನಲಿಲ್ಲ. "ಬೈಯಮ್ಮಿ. ಇವತ್ತಿನ ಸಾಲೂ ಅದೇಯ. ಮಗನೇ ಯಾಕಿಂಗ್ ಮಾಡ್ದೆ, ಎಷ್ಟು ಸಂಕಟಪಟ್ಕೊಂಡು ಉಡುಕಿದ್ವಿ ಅಂತ ಮರಿಯಮ್ಮನೂ ಬೈದ್ಲು."

"ಅವಳಿಗೆ ಮಗ ಸಿಕ್ಕಿದ. ನಂಗೇನ್ ಸಿಕ್ತು?" ಎಂದು ತಿರುಗಿ ಬಂದೆ. ಆಮೇಲೆ ಆ ಜಗಲಿ ಹತ್ತಲಿಲ್ಲ.

ಭಾನುವಾರ ಚರ್ಚಿನ ಪೂಜೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು, ಮುಗಿಯುವ ಮುಂಚೆ ಎದ್ದು ಬರುತ್ತಿದ್ದೆ. ಉಳಿದ ದಿನ ಬಸ್ ಸ್ಟ್ಯಾಂಡಿನ ಹತ್ತಿರ ನನ್ನ ಬಾಳೆಹಣ್ಣಿನ ವ್ಯಾಪಾರ. ಮಗಳು ಪಕ್ಕದ ಮನೆಯ ಫೋನಿಗೆ ಮಾಡಿದರೆ ನಾನಿಲ್ಲ ಎನ್ನಿಸುತ್ತಿದ್ದೆ.

ಸ್ವಲ್ಪ ದಿನಕ್ಕೆ ಲಿಂಗಾಯತರ ಅಕ್ಕ ಹಣ್ಣು ಕೊಳ್ಳುವ ನೆವದಲ್ಲಿ ಬಂದಳು. "ಅವಮ್ಮ ಮುಂದುಕ್ಕೇ ಓದ್ತಿಲ್ಲ ಕಣವ್ವ" ಅಂದಳು. "ಅದೇ ಸಾಲು. ತಾಯಿ ಬೈದ್ಲು, ತಾಯಿ ಬೈದ್ಲು. ದಿನಾ ಅದುನ್ನೇ ಓದ್ತದೆ. ಒಂದಿನ ಅವಳ ಕಾಲು ಎಷ್ಟು ನೋಯ್ತಿತ್ತೋ ಅಂತದೆ, ಒಂದಿನ ಮೂರು ದಿನ ಏನುಂಡ್ಳೋ ಅಂತದೆ. ನಮ್ಗೂ ಸಾಕಾಯ್ತು."

"ನಂಗ್ಯಾಕೆ ಹೇಳ್ತೀಯಾ" ಅಂದೆ.

ಈಸ್ಟರಿಗೆ ಮುಂಚಿನ ತಪಸ್ಸುಕಾಲ ಬಂತು. ಬೂದಿ ಬುಧವಾರ ಕಳೆಯಿತು. ಚರ್ಚಿನ ಪಾದ್ರಿ ಸ್ವಾಮಿಗಳೇ ಜಗಲಿಗೆ ಬಂದು, ಈಗ ಶಿಲುಬೆಯ ಪಾಡಿನ ಭಾಗ ಓದಬೇಕಲ್ಲವಾ ಎಂದು ಮೆಲ್ಲಗೆ ಹೇಳಿದರಂತೆ. ಉಪದೇಶಿಯಮ್ಮ, "ನೀವು ಗುಡೀಲಿ ಓದಿ ಸ್ವಾಮಿ. ಇಲ್ಲಿ ಒಬ್ಬಳು ಬರೋದು ಬಾಕಿ ಅದೆ" ಅಂದರಂತೆ. ಸ್ವಾಮಿಗಳು ಕಾಫಿ ಕುಡಿದು ಹೋದರಂತೆ.

ಈಸ್ಟರ್ ಆದ ವಾರ ಅಕ್ಕ ಮತ್ತೆ ಬಂದಳು. ಈ ಸಲ ಹಣ್ಣಿನ ನೆವವೂ ಇಲ್ಲ. ಸೊಂಟಕ್ಕೆ ಕೈ ಕೊಟ್ಟು ನಿಂತು, "ನೋಡವ್ವ, ನಿಮ್ ಗುಡೀಲಿ ಯೇಸಪ್ಪ ದೊಡ್ಡವ್ನಾಗಿ, ಸತ್ತು, ಎದ್ದೂ ಆಯ್ತು. ಈ ಜಗಲೀಲಿ ಇನ್ನೂವೆ ಅನ್ನೆರಡು ವರ್ಸದ ಮಗ. ಬಂದು ಆ ಮಗೀನ ಬುಡಿಸ್ಕೊಂಡು ಓಗು. ಪಾಪ, ಎಷ್ಟು ದಿವ್ಸ ಅಂತ ಬೈಸ್ಕಂಡು ನಿಂತ್ಕತದೆ?" ಅಂದಳು.

ನಕ್ಕುಬಿಟ್ಟೆ. ತಡೆಯಲಾಗಲಿಲ್ಲ. ನಕ್ಕ ಮೇಲೆ ಮೊದಲಿನ ಹಾಗೆ ಮುಖ ಗಂಟು ಹಾಕಿಕೊಂಡಿರುವುದು ಕಷ್ಟ.

ಮಾರನೆಯ ಬೆಳಿಗ್ಗೆ ಜಗಲಿ ಹತ್ತಿದೆ. "ಮಗೂನ ಹಿಡ್ಕೊಂಡು ಕೂತಿದೀರಂತೆ. ಬುಡಿ, ಹೊರಡ್ಲಿ" ಅಂದೆ. ಉಪದೇಶಿಯಮ್ಮ ಚಾಪೆಯ ಮೇಲೆ ಸರಿದು ಜಾಗ ಮಾಡಿದರು.

ಮುಂದಿನ ಸಾಲು ನನಗೆ ಗೊತ್ತಿತ್ತು. ನನ್ನನ್ನು ಯಾಕೆ ಹುಡುಕಿದಿರಿ, ನಾನು ನನ್ನ ತಂದೆಯ ಮನೆಯಲ್ಲಿ ಇರಬೇಕಲ್ಲವೇ ಎಂದು ಮಗ ಕೇಳುತ್ತಾನೆ. ಅದನ್ನು ಹಿಡಿದುಕೊಂಡು ಇವರು ನನಗೆ ಉಪದೇಶ ಮಾಡುತ್ತಾರೆ, ಮಾಡಿದರೆ ಎದ್ದು ಹೋಗುತ್ತೇನೆ ಎಂದು ಸೆರಗು ಸಿಕ್ಕಿಸಿಕೊಂಡೇ ಕೂತಿದ್ದೆ. ಅವರು ಆ ಸಾಲನ್ನು ಬೇಗ ಓದಿ ಮುಗಿಸಿದರು. ಆಮೇಲೆ, ನಾನು ನೋಡಿದ ಹಾಗೆ ಅದೊಂದೇ ಸಲ, ಒಂದೇ ದಿನ ಎರಡನೆಯ ಸಾಲಿನ ಮೇಲಿಂದಲೂ ಹೆಬ್ಬೆರಳು ಎತ್ತಿದರು. ಪುಸ್ತಕವನ್ನು ನನ್ನ ತೊಡೆಯ ಮೇಲಿಟ್ಟರು.

"ಓದು."

ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಅಕ್ಷರ ಅಕ್ಷರ ಕೂಡಿಸಿಕೊಂಡು ಓದಿದೆ. ಅವನು ಹೇಳಿದ ಮಾತು ಅವರಿಗೆ ಅರ್ಥವಾಗಲಿಲ್ಲ ಎಂದಿತ್ತು.

"ಇದು ಮೊದ್ಲಿಂದ್ಲೂ ಇತ್ತಾ?"

"ಇತ್ತು. ವರ್ಸಾವರ್ಸ ಓದಿದೀನಿ. ನೀವು ಟೆಂಪೋ ಕತೇಗೆ ನಗ್ತಾ ಕೂತಿರ್ತಿದ್ರಿ." ಪುಸ್ತಕ ವಾಪಸು ತೆಗೆದುಕೊಂಡರು. "ಹೆತ್ತ ಮರಿಯಮ್ಮಂಗೇ ಅರ್ಥ ಆಗ್ನಿಲ್ಲ ಕಣಮ್ಮಿ. ನಿಂಗೆ ಆಗ್ಲೇಬೇಕು ಅಂತ ಯಾರ್ ಕೇಳವ್ರೆ?"

"ಅರ್ಥ ಆಗ್ದೆ ಇದ್ರೆ ಏನ್ ಮಾಡೋದು ಮತ್ತೆ?"

"ಅವಳೇನ್ ಮಾಡಿದ್ಲು, ಅದು ಇಲ್ಲಿ ಅದೆ" ಎಂದು ಕೆಳಗಿನ ಸಾಲಿನ ಮೇಲೆ ಹೆಬ್ಬೆರಳು ಇಟ್ಟರು. "ನಾಳೆ ಬಾ."

ಉಪದೇಶಿಯಮ್ಮ ಈಗಿಲ್ಲ. ಹೋದ ಮಳೆಗಾಲದಲ್ಲಿ ತೀರಿಕೊಂಡರು. ವಯಸ್ಸಾಗಿತ್ತು, ನರಳಲಿಲ್ಲ. ಕಣ್ಣು ಮಂಜಾದ ಮೇಲೂ ಪುಸ್ತಕ ತೆರೆದು, ಬಾಯಿಪಾಠದಿಂದ ಒಂದು ಸಾಲು ಹೇಳಿ, ಅಂದಾಜಿನ ಮೇಲೆ ಹೆಬ್ಬೆರಳು ಇಡುತ್ತಿದ್ದರು. ಎಷ್ಟೋ ಸಲ ಅದು ಬೇರೆ ಪುಟವಾಗಿರುತ್ತಿತ್ತು. ಯಾರೂ ಹೇಳುತ್ತಿರಲಿಲ್ಲ. ಹೆಣ ತೊಳೆದು ಸೀರೆ ಉಡಿಸಿದ್ದು ನನ್ನ ಮಗಳು. ಅವಳೀಗ ನರ್ಸು ಸಿಸ್ಟರು. ವರ್ಷಕ್ಕೊಮ್ಮೆ ರಜೆಗೆ ಬಂದು, ಸೊಪ್ಪಿನ ಸಾರಿನಲ್ಲಿ ಎರಡು ಮುದ್ದೆ ಉಂಡು, ನನ್ನ ಸಕ್ಕರೆ ಕಾಯಿಲೆಗೆ ಬೈದು, ನನ್ನ ಹಿರಿಮಗನ ಮಕ್ಕಳ ತಲೆಯ ಹೇನು ತೆಗೆದು ಹೋಗುತ್ತಾಳೆ. ಮದುವೆಯಾಗಿದ್ದರೂ ವರ್ಷಕ್ಕೆ ಇಷ್ಟೇ ಬರುತ್ತಿದ್ದಳೇನೋ. ಅವಳು ಯಾಕೆ ಹೋದಳು ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆಗಬೇಕಾಗಿಯೂ ಇಲ್ಲ. ಅಷ್ಟು ಸಲೀಸು ಮಾಡಿಕೊಟ್ಟು ಹೋದರು ಆ ಮುದುಕಿ.

ನಾಳೆ ಬಾ ಎಂದರಲ್ಲ, ಆ ನಾಳೆ ನಾನು ಜಗಲಿಗೆ ಹೋಗಲಿಲ್ಲ. ಆ ಸಾಲೂ ನನಗೆ ಗೊತ್ತಿತ್ತು. ಮಗ ಎದ್ದು ತಾಯಿ ತಂದೆಯ ಹಿಂದೆ ಊರಿಗೆ ಹೋದ, ತಾಯಿ ಅದನ್ನೆಲ್ಲ ಮನಸ್ಸಿನಲ್ಲೇ ಇಟ್ಟುಕೊಂಡಳು ಎಂದು. ನನ್ನ ಮಗಳು ಎದ್ದು ಬರುವವಳಲ್ಲ. ಬೆಳಕು ಹರಿಯುವ ಮುಂಚೆ ಹುಚ್ಚೆಳ್ಳು ಹುರಿದು ಚಟ್ನಿಪುಡಿ ಕುಟ್ಟಿದೆ. ಮಾರಲು ಇಟ್ಟಿದ್ದ ರಸಬಾಳೆಯಲ್ಲಿ ಒಳ್ಳೆಯ ಚಿಪ್ಪೊಂದನ್ನು ತೆಗೆದು ಚೀಲಕ್ಕೆ ಹಾಕಿದೆ. ನಾನು ಮನೆ ಮುಂದೆ ಹಾದು ಹೋಗುವಾಗ ಉಪದೇಶಿಯಮ್ಮ ಜಗಲಿ ಗುಡಿಸುತ್ತಿದ್ದರು. ನನ್ನ ಕೈಯಲ್ಲಿದ್ದ ಚೀಲ ನೋಡಿದರು, ಪೊರಕೆ ನಿಲ್ಲಿಸಲಿಲ್ಲ.

ನರಸೀಪುರದ ಮೊದಲ ಬಸ್ಸು ಹತ್ತಿದೆ. ಕಾನ್ವೆಂಟಿನ ಮುಂಬಾಗಿಲಿಗೆ ಹೋಗದೆ ಹಿಂದಿನಿಂದ ಅಡುಗೆಮನೆಗೇ ಹೋದೆ. ಮಗಳು ನೆಲದ ಮೇಲೆ ಕೂತು ಕೀರೆಸೊಪ್ಪು ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಗಾಬರಿಯಾಗಿ ಎದ್ದು ನಿಂತಳು. ಬೈಗುಳಕ್ಕೆ ಕಾಯುತ್ತಿದ್ದಳು.

"ಜರುಗು" ಎಂದು ಅವಳ ಪಕ್ಕ ಕೂತು, ಸೊಪ್ಪಿನ ಒಂದು ಕಟ್ಟು ಬಿಚ್ಚಿದೆ.