ಹಿಂದಿನ ಗಾಲಿಯ ಕೀಲು

ಸಿರುಗುಪ್ಪದ ಒಂದು ಟ್ರಾಲಿ ಶೆಡ್ಡಿನಲ್ಲಿ ನನ್ನ ಸೋದರಮಾವ ವೆಲ್ಡರ್. ಶೆಡ್ಡು ಇನ್ನೊಬ್ಬರದು. ಭತ್ತ ಹೇರುವ ಟ್ರಾಲಿಗಳ ಕೆಳಗೆ ಅಂಗಾತ ಮಲಗಿ, ಕಿಡಿಗಳನ್ನು ಕೊರಳ ಮೇಲೆ ಬೀಳಿಸಿಕೊಂಡು ಮಾಡುವ ಕೆಲಸ. ಸೊಂಟ ಯಾವತ್ತೋ ಕೆಟ್ಟಿತ್ತು. ಅವನಿಗಿದ್ದದ್ದು ಒಂದೇ ಆಸೆ: ನಿಂತುಕೊಂಡು ಮಾಡುವ ಕೆಲಸ ಸಿಗಬೇಕು. ಆ ಆಸೆಯನ್ನು ಅವನದೇ ದನಿಯಲ್ಲಿ, ಸೊಂಟಕ್ಕೆ ಕೈ ಕೊಟ್ಟು ಆಡಿ ತೋರಿಸಿ, ಶೆಡ್ಡಿನ ಎದುರಿನ ಟೀ ಅಂಗಡಿಯಲ್ಲಿ ನಾನು ಎಷ್ಟೋ ಸಲ ಪುಕ್ಕಟೆ ಚಹಾ ಕುಡಿದಿದ್ದೇನೆ. ನನಗೆ ಬರುವ ವಿದ್ಯೆಯೂ ಅದೊಂದೇ. ಡಿಪ್ಲೊಮಾದಲ್ಲಿ ಎರಡು ವಿಷಯ ಇನ್ನೂ ಉಳಿದಿವೆ. ಆ ವಿಷಯಗಳ ಮೇಷ್ಟ್ರುಗಳ ಕೆಮ್ಮು ಮಾತ್ರ ನನಗೆ ಬಾಯಿಪಾಠ.

ಬಳ್ಳಾರಿಯ ಸೈಕಲ್ ಅಂಗಡಿಯ ಸಾಹುಕಾರರ ಹತ್ತಿರ ಮಾವನನ್ನು ಕರೆದೊಯ್ದವನು ನಾನೇ. ಕುರುಗೋಡಿನ ಬಂಡೆಗುಡ್ಡಗಳಿಂದ ಸೈಕಲ್ ಇಳಿಸುವ ಹುಚ್ಚು ಕೆಲವು ಹುಡುಗರಿಗೆ ಹಿಡಿದಿತ್ತು, ಅವರಲ್ಲಿ ನಾನೂ ಒಬ್ಬ. ಹೊರದೇಶದ ಫ್ರೇಮುಗಳನ್ನು ನಾವು ಮೊಬೈಲಿನಲ್ಲಿ ಮಾತ್ರ ನೋಡುತ್ತಿದ್ದೆವು. ಅಂಥವನ್ನು ಇಲ್ಲೇ ಮಾಡಿಸಿ ಮಾರುವ ಯೋಚನೆ ಸಾಹುಕಾರರದು. ಅವರು ಕುಲುಕಾಟ ತಡೆಯುವ ಹಳೆಯದೊಂದು ಸ್ಪ್ರಿಂಗ್ ಶಾಕನ್ನು ಮಾವನ ಕೈಗಿಟ್ಟರು.

"ಇದಕ್ಕ ಹೊಂದೋ ಫ್ರೇಮ್ ಮಾಡ್ರಿ. ಕುರುಗೋಡು ಗುಡ್ಡ ಒಂದ್ಸಲ ಸರಿಯಾಗಿ ಇಳೀಲಿ. ಇಳೀತಂದ್ರ ಅಂಗಡಿ ಹಿಂದಿನ ಗೋಡೌನು ನಿಮಗ ಬಿಡ್ತೀನಿ. ಎದಿ ಮಟ್ಟದ ಮೇಜು ಹಾಕಿಸಿ ಕೊಡ್ತೀನಿ."

"ಎದಿ ಮಟ್ಟ ಅಂದ್ರ ನಿಮ್ಮೆದೀನೋ ನಮ್ಮ ಮಾಮನ ಎದೀನೋ, ಸಾವ್ಕಾರ್ರ?" ಎಂದೆ ನಾನು. ಸಾಹುಕಾರರು ಮಾವನಿಗಿಂತ ಒಂದು ಮೊಳ ಉದ್ದ.

ಮಾವ ನಗಲಿಲ್ಲ. ಸಿರುಗುಪ್ಪದ ಬಸ್ಸು ತೆಕ್ಕಲಕೋಟೆ ದಾಟುವವರೆಗೂ ಆ ಶಾಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಇಂಥ ಸೈಕಲ್ಲಿನಲ್ಲಿ ಹಿಂದಿನ ಗಾಲಿ ಫ್ರೇಮಿಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ಎರಡು ತೋಳುಗಳು ಗಾಲಿಯನ್ನು ಹಿಡಿದಿರುತ್ತವೆ. ಗಾಲಿ ಕಲ್ಲು ಹತ್ತಿದಾಗ ತೋಳು ಮೇಲೇಳುತ್ತದೆ, ಮುಕ್ಕೋನದ ಒಂದು ತಟ್ಟೆಯನ್ನು ತಿರುಗಿಸುತ್ತದೆ, ಆ ತಟ್ಟೆ ಸ್ಪ್ರಿಂಗನ್ನು ಒತ್ತುತ್ತದೆ. ತಟ್ಟೆಯ ತೂತುಗಳು ಎಲ್ಲಿ ಬೀಳುತ್ತವೆ ಎನ್ನುವುದರ ಮೇಲೆ ಸೈಕಲ್ಲಿನ ಗುಣ ನಿಂತಿದೆ. ಸಣ್ಣ ಕಲ್ಲಿಗೆ ಮೆತ್ತಗಿರಬೇಕು, ದೊಡ್ಡ ಜಿಗಿತಕ್ಕೆ ಬಿಗಿಯಾಗಬೇಕು. ಮಾವನಿಗೆ ಇದರ ಲೆಕ್ಕ ಗೊತ್ತಿರಲಿಲ್ಲ, ಓದಿದ ನನಗೂ ಗೊತ್ತಿರಲಿಲ್ಲ. ಅವನು ಮನೆಯಲ್ಲಿದ್ದ ಮದುವೆ ಕಾರ್ಡುಗಳನ್ನು ಕತ್ತರಿಸಿ, ಹಲಗೆಯ ಮೇಲೆ ಗುಂಡುಪಿನ್ನು ಚುಚ್ಚಿ, ತೋಳು ಎತ್ತಿ ಇಳಿಸಿ ನೋಡುತ್ತಿದ್ದ. ಯಾರದೋ ಚಿರಂಜೀವಿ ಸೌಭಾಗ್ಯವತಿಯರು ನಮ್ಮ ಹಲಗೆಯ ಮೇಲೆ ಕುಪ್ಪಳಿಸುತ್ತಿದ್ದರು. ಹನ್ನೊಂದನೆಯ ಕಾರ್ಡಿಗೆ ಚಲನೆ ಸರಿಬಂತು.

ಆಮೇಲೆ ರೂಪದ ಚಿಂತೆ. ಅದೇ ಅಳತೆಗೆ ಕಬ್ಬಿಣದ ತಟ್ಟೆ ಕತ್ತರಿಸಿ, ನಡುವೆ ಕೊರೆದು ಹಗುರ ಮಾಡಿದ, ಅಂಚುಗಳನ್ನು ಅರದಿಂದ ಉಜ್ಜಿ ದುಂಡಗೆ ಮಾಡಿದ. ಒಟ್ಟು ನೋಡಿದರೆ ಜಿಗಿಯಲು ಮಡಿಚಿಕೊಂಡ ಮಿಡತೆಯ ಹಿಂಗಾಲು. ಸಾಹುಕಾರರು ಫೋಟೋ ನೋಡಿ ಫೋನಿನಲ್ಲೇ "ಬಾಗುಂದಿ, ಬಾಗುಂದಿ" ಎಂದರು. ಖುಷಿಯಾದರೆ ಅವರಿಗೆ ತೆಲುಗು ಬರುತ್ತದೆ.

ಒಂದೇ ಕೊರತೆ: ಕೀಲುಗಳು ಕಿರುಗುಟ್ಟುತ್ತಿದ್ದವು. ಒಳಗೆ ಬೋಲ್ಟಿನ ಸುತ್ತ ಬಳೆಯಂತೆ ಹಾಕಿದ್ದ ನೈಲಾನ್ ಬುಷ್ಷುಗಳು ಹೊಸವು, ಒಣಗಿದ್ದವು. ಒಂದಿಷ್ಟು ಗ್ರೀಸ್ ಸಾಕಿತ್ತು. ನಾನು ಗ್ರೀಸ್ ಹಚ್ಚಲಿಲ್ಲ. ಆ ದನಿಯನ್ನು ಕಲಿತುಕೊಂಡೆ. ನನ್ನ ಅಣಕದಲ್ಲಿ ಈಗ ಮಾವ ಕೂರುವಾಗ ಒಂದು ಕಿರ್ರ್, ಏಳುವಾಗ ಎರಡು ಕಿರ್ರ್. ನಾನು ಆ ಸೈಕಲ್ಲಿನಲ್ಲಿ ಗುಡ್ಡ ಇಳಿಯುವ ಹಿಂದಿನ ದಿನ ಇಡೀ ಟೀ ಅಂಗಡಿ ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ನಿಮ್ಮ ಸೈಕಲ್ಲಿಗೂ ಸೊಂಟ ಹಿಡದೈತೇನ್ರಿ?" ಎಂದು ಶೆಡ್ಡಿನ ಮಾಲೀಕರು ಮಾವನನ್ನು ಕೇಳಿದರು.

ಮಾವ ಅರ್ಧ ಲೋಟ ಚಹಾ ಬಿಟ್ಟು ಎದ್ದು ಹೋದ.

ಮರುದಿನ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಸೈಕಲ್ಲು ಗೂಡ್ಸ್ ಆಟೋ ಹತ್ತಿತ್ತು. ಕುರುಗೋಡಿನಲ್ಲಿ ಇಳಿಸಿ ಸೀಟು ಅದುಮಿದೆ. ಸದ್ದಿಲ್ಲ. ಬಲು ಬಿಗಿ ಅನ್ನಿಸಿತು.

"ದನಿ ಎಲ್ಲಿ ಹೋತು, ಮಾಮ?"

"ಬಂದ್ ಮಾಡೀನಿ. ಇನ್ನ ಅದ್ಯಾಂಗ ಅಣಕಿಸ್ತಿ ಅಣಕಿಸಲೇ, ಅಳಿಯಾ."

ಸ್ಪ್ರಿಂಗ್ ಬಿಗಿ ಮಾಡಿದ್ದಾನೆ ಅಂದುಕೊಂಡೆ. ಬಗ್ಗಿ ನೋಡಲಿಲ್ಲ. ಸಾಹುಕಾರರು ಕೆಳಗೆ ಮೊಬೈಲ್ ಹಿಡಿದು ನಿಂತಿದ್ದರು, ನನಗೆ ಚೆನ್ನಾಗಿ ಕಾಣಿಸಿಕೊಳ್ಳುವ ಆತುರ.

ಮೊದಲ ಬಂಡೆ ಇಳಿದಾಗ ಹಿಂದಿನ ಗಾಲಿ ನನ್ನನ್ನು ಹೋರಿಯಂತೆ ಎತ್ತಿ ಒಗೆಯಿತು. ಎರಡನೆಯದಕ್ಕೆ ಕಾಲು ಪೆಡಲ್ ಬಿಟ್ಟಿತು. ಮೂರನೆಯದಕ್ಕೆ ಟಣ್ ಎಂದಿತು. ನಾನು ಜಾಲಿಕಂಟಿಯೊಳಗಿದ್ದೆ, ಮುಕ್ಕೋನದ ತಟ್ಟೆ ಹರಿದು ಎರಡಾಗಿತ್ತು.

ಮುಳ್ಳು ಕೀಳುತ್ತಲೇ ಹತ್ತಿರ ಹೋಗಿ ನೋಡಿದೆ. ತಟ್ಟೆಯ ಮೂರೂ ಕೀಲುಗಳ ನಟ್ಟಿನ ಮೇಲೆ ವೆಲ್ಡಿಂಗಿನ ಒಂದೊಂದು ಬೊಟ್ಟು. ಸಿರುಗುಪ್ಪದ ಶೆಡ್ಡಿನಿಂದ ಯಾವ ಟ್ರಾಲಿಯೂ ಆ ಬೊಟ್ಟಿಲ್ಲದೆ ಹೊರಗೆ ಹೋಗುವುದಿಲ್ಲ. ಸದ್ದು ಬಂದರೆ ನಟ್ಟು ಸಡಿಲವಾಗಿದೆ ಎಂದೇ ಅಲ್ಲಿ ಅರ್ಥ. ಬಿಗಿ ಮಾಡಿ, ಒಂದು ಬೊಟ್ಟು ಇಟ್ಟು, ಮರೆತುಬಿಡುವುದು. ಆ ಬಿಸಿಗೆ ಒಳಗಿನ ನೈಲಾನ್ ಕರಗಿ ಬೋಲ್ಟಿಗೆ ಹಿಡಿದುಕೊಂಡಿತ್ತು. ಅಲ್ಲಾಡಲೆಂದೇ ಮಾಡಿದ ಕೀಲುಗಳು ಮೂಳೆಯಂತೆ ಕೂಡಿಹೋಗಿದ್ದವು.

ಮಾವ ಸೊಂಟ ಹಿಡಿದುಕೊಂಡು ಬಂಡೆ ಹತ್ತಿ ಬಂದ. ನನ್ನ ಮೊಣಕೈ ನೋಡಿದ, ನಂತರ ತಟ್ಟೆ ನೋಡಿದ.

"ಗ್ರೀಸ್ ಹಚ್ಚಿದ್ರ ಸಾಕಿತ್ತು, ಮಾಮ," ಎಂದೆ.

"ನಿನಗ ಗೊತ್ತಿತ್ತೇನು?"

"ಗೊತ್ತಿತ್ತು."

ಒಂದು ಬೈಗುಳಕ್ಕಾಗಿ ಕಾದೆ. ಅವನು ತುಂಡುಗಳನ್ನು ಆರಿಸಿ ಟವೆಲ್ಲಿನಲ್ಲಿ ಕಟ್ಟಿಕೊಂಡ.

ಬಳ್ಳಾರಿಯಲ್ಲಿ ಸಾಹುಕಾರರು ನಯವಾಗಿಯೇ ಮಾತಾಡಿದರು.

"ಹುಡುಗ್ರ ಜೀವದ ಪ್ರಶ್ನಿ, ಬ್ಯಾಡ್ರಿ. ಆದ್ರ ನೋಡಾಕ ಭಾಳ ಚಂದ ಐತಿ. ಜೋಡ್ಸಿ ಕೊಡ್ರಿ, ಅಂಗಡಿ ಮುಂದ ತೂಗಹಾಕ್ತೀನಿ. ಜನ ಒಳಗ ಬರ್ತಾರ."

"ಮೂರೇ ಬೊಟ್ಟಿನ ತಪ್ಪು, ಸಾವ್ಕಾರ್ರ. ಇನ್ನೊಂದ್ಸಲ ನೋಡ್ರಿ," ಎಂದೆ. ನನ್ನ ದನಿ ನನಗೇ ಯಾರದೋ ಅನ್ನಿಸಿತು. ಗೋಡೌನಿನಲ್ಲಿ ಆಗಲೇ ಟೈರುಗಳ ಅಟ್ಟಿ ಎದ್ದಿತ್ತು.

ಮಾವ ತಟ್ಟೆ ಜೋಡಿಸಿ, ಬೆಸುಗೆಯ ಗುರುತು ಕಾಣದಂತೆ ಉಜ್ಜಿ, ಕಿತ್ತಳೆ ಬಣ್ಣ ಹೊಡೆದು ಕೊಟ್ಟ. ಈಗ ಆ ಸೈಕಲ್ಲು ಅಂಗಡಿಯ ಮುಂದೆ ತೂಗುತ್ತಿದೆ. ಹುಡುಗರು ಅದರ ಕೆಳಗೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ.

ಹೋದ ವಾರ ಟ್ರಾಲಿ ರಿಪೇರಿಗೆ ಬಂದ ಡ್ರೈವರೊಬ್ಬ ಅಂಥದೇ ಒಂದು ಫೋಟೋ ತೋರಿಸಿದ.

"ಅಣ್ಣಾ, ಇದನ್ನ ಮಾಡಿದಾತ ಸಿರುಗುಪ್ಪದಾಗ ಅದಾನಂತ. ನಿಮಗೇನರ ಗುರ್ತೇನ್ರಿ?"

ಮಾವ ಟ್ರಾಲಿಯ ಕೆಳಗಿನಿಂದ ತಲೆ ಹೊರಗೆ ಹಾಕಿ ಮೊಬೈಲನ್ನು ಸ್ವಲ್ಪ ಹೊತ್ತು ನೋಡಿದ.

"ಇಲ್ಲಪ. ಇಲ್ಯಾರು ಅಂಥದ್ದು ಮಾಡ್ತಾರ," ಎಂದು ಮತ್ತೆ ಒಳಗೆ ಜರುಗಿದ.

ಡ್ರೈವರು ನನ್ನ ಕಡೆ ತಿರುಗಿ ಅದನ್ನೇ ಕೇಳಿದ. ನಾನೂ ಇಲ್ಲ ಅಂದೆ.