ಆಕಾಶಕ್ಕೆ ಹೋದ ಉದ್ಘಾಟನೆ ಕಲ್ಲು

ಇಳಕಲ್ಲಿನಲ್ಲಿ ನನ್ನದು ಅಕ್ಷರ ಕೊರೆಯುವ ಅಂಗಡಿ. ಏಳನೆಯ ಇಯತ್ತೆಗೇ ಸಾಲೆ ಬಿಟ್ಟೆ. ಆದರೂ ಹುನಗುಂದ, ಬಾದಾಮಿ ಕಡೆಯ ಎಷ್ಟೋ ಉದ್ಘಾಟನೆ ಕಲ್ಲುಗಳ ಮೇಲೆ ಇರುವುದು ನನ್ನ ಕೈಬರಹ. ಯಾರ ಹೆಸರು ಮೇಲೆ, ಯಾರದು ದೊಡ್ಡಕ್ಷರ ಎಂದು ನನ್ನ ಅಂಗಡಿಯ ಮುಂದೆಯೇ ಜಗಳಗಳಾಗಿವೆ. ಕಟ್ಟಡ ಕಟ್ಟಿದ ಗೌಂಡಿಯ ಹೆಸರು ಕೊರೆ ಎಂದು ಮಾತ್ರ ಇದುವರೆಗೆ ಯಾರೂ ಹೇಳಿಲ್ಲ.

ಹೋದ ವರ್ಷ ಬಾಗಲಕೋಟೆ ಕಡೆಯ ಒಂದು ಕಾಲೇಜಿನ ಮೇಡಂ ಅಂಗೈಯಗಲದ ಅಲ್ಯೂಮಿನಿಯಂ ತಗಡು ಹಿಡಿದು ಬಂದರು.

"ಕಾಕಾ, ನಮ್ಮ ಹುಡುಗ್ರು ಸಣ್ಣದೊಂದು ಉಪಗ್ರಹ ಮಾಡ್ಯಾರ್ರಿ. ಈ ತಗಡು ಅದರ ಮೈಗೆ ಅಂಟಿಕೊಂಡು ಮ್ಯಾಲ ಹೋಗ್ತೈತಿ. ಇದರ ಮ್ಯಾಲ ಏನರ ತಮಾಷಿ ಮಾತು ಬರದು ಕಳಸೂಣು ಅಂತ. ಕೊರಿಯೋರು ನೀವು, ನೀವ ಒಂದು ಸಾಲು ಹೇಳ್ರಿ."

ಆಗ ಮಧ್ಯಾಹ್ನ. ನಾನು ಬುತ್ತಿಯ ಗಂಟು ಬಿಚ್ಚುತ್ತಿದ್ದೆ. ನಮ್ಮಲ್ಲಿ ಬುತ್ತಿ ಬಿಚ್ಚಿದವನು ಕಣ್ಣಿಗೆ ಬಿದ್ದವರನ್ನು ಕರೆಯದೆ ರೊಟ್ಟಿ ಮುರಿಯುವುದಿಲ್ಲ. ದಾರಿಯಲ್ಲಿ ಹೋಗುವ ಗುರುತಿಲ್ಲದವನಿಗೂ "ಬರ್ರಿ, ಉಣ್ಣೂಣು" ಎನ್ನಲೇಬೇಕು. ಅದೇ ಬಾಯಿಗೆ ಬಂತು.

"ಬರಕೋರ್ರಿ: ಬುತ್ತಿ ಬಿಚ್ಚೇವಿ, ಯಾರರ ಇದ್ರ ಉಣ್ಣಾಕ ಬರ್ರಿ. ಚಟ್ನಿ ಭಾಳ ಖಾರ ಐತಿ, ನೀರು ನೀವ ತರ್ರಿ."

ಮೇಡಂ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಇದನ್ನ ಹಾಕೂದ್ರಿ ಕಾಕಾ!" ಎಂದು ಮೊಬೈಲಿನಲ್ಲಿ ಬರೆದುಕೊಂಡು, ಕಾಲೇಜಿನ ದೊಡ್ಡವರಿಗೆ ತೋರಿಸಿ ಬರುವ ತನಕ ಕೊರೆಯಬೇಡಿ ಎಂದು ತಗಡನ್ನು ನನ್ನ ಕೈಗೇ ಕೊಟ್ಟು ಹೋದರು. ನನ್ನ ಸಾಲು ಆಕಾಶಕ್ಕೆ ಹೋಗುತ್ತದೆ ಎಂದು ಮನೆಯಲ್ಲಿ ಹೇಳಿದೆ, ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಮುಂದಿನ ವಾರ ಮೇಡಂ ಸಪ್ಪೆ ಮೋರೆ ಮಾಡಿಕೊಂಡು ಬಂದು ಒಂದು ಕಾಗದ ಕೊಟ್ಟರು. ಮೇಲೆ 'ಅಧ್ಯಕ್ಷತೆ'. ಅದರ ಕೆಳಗೆ 'ಘನ ಉಪಸ್ಥಿತಿ'. ಆಮೇಲೆ ಕಾರ್ಯದರ್ಶಿ, ಪ್ರಾಂಶುಪಾಲರು. ತಗಡಿನ ತುಂಬ ಹೆಸರು.

"ನನ್ನ ಸಾಲು ಎಲ್ಲೈತ್ರಿ?"

"ಜಾಗ ಸಾಲಲಿಲ್ರಿ ಕಾಕಾ. ರೊಟ್ಟಿ ಚಟ್ನಿ ಅಂತ ಬರದ್ರ ಕಾಲೇಜಿನ ಮರ್ಯಾದಿ ಏನಾಗಬೇಕು ಅಂದ್ರು ದೊಡ್ಡವರು."

ನನಗೆ ಮೈಯೆಲ್ಲ ಉರಿದುಹೋಯಿತು.

"ಉಣ್ಣಾಕ ಕರದ್ರ ಮರ್ಯಾದಿ ಹೋಗ್ತೈತೇನ್ರಿ? ನರಪಿಳ್ಳಿ ಇಲ್ಲದಲ್ಲಿ ಇವರ ಘನ ಉಪಸ್ಥಿತಿ ಯಾರ ಮುಂದ? ರಿಬ್ಬನ್ ಕತ್ತರಸಾಕ ಮ್ಯಾಲ ಹೊಂಟಾರೇನು?"

"ನನ್ನ ನಗಸಬ್ಯಾಡ್ರಿ, ನೌಕರಿ ಹೋಗ್ತೈತಿ. ಹಿಂದಿನ ಮಗ್ಗಲಾ ಬೇಕಾರ ಸಣ್ಣಗ ಹಾಕಿಬಿಡ್ರಿ. ಅಂಟಿಸಿದ ಮ್ಯಾಲ ಯಾರಿಗೂ ಕಾಣೂದಿಲ್ಲ."

ಆಕೆಯದು ಒಳ್ಳೆಯ ಮನಸ್ಸು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಊಟಕ್ಕೆ ಯಾರಾದರೂ ಕದ್ದು ಕರೆಯುತ್ತಾರೆಯೇ? ಬಾಗಿಲಲ್ಲಿ ನಿಂತು, ಓಣಿಗೆಲ್ಲ ಕೇಳುವಂತೆ ಕರೆಯಬೇಕು. ಗೋಡೆಗೆ ಮುಖ ಮಾಡಿ ಪಿಸುಗುಟ್ಟಿದರೆ ಅದು ಕರೆದಂತಲ್ಲ. ತಗಡನ್ನು ಬಟ್ಟೆಯಿಂದ ಒರೆಸಿ, ಒಂದು ಗೀರೂ ಹಾಕದೆ, ಅವರ ಕೈಯಲ್ಲಿಟ್ಟೆ.

"ಹೆಸರು ಕೊರಿಯೋರು ಬಾಗಲಕೋಟ್ಯಾಗ ಸಿಗತಾರ, ಹೋಗ್ರಿ."

ಸಿಕ್ಕರು ಕೂಡ. ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ, ಪಕ್ಕದ ಕಲ್ಲು ಪಾಲಿಶ್ ಶೆಡ್ಡಿನ ಗೆಳೆಯ ಮೊಬೈಲ್ ಎತ್ತಿ ಹಿಡಿದುಕೊಂಡು ಓಡಿ ಬಂದ. ಪರದೆಯ ಮೇಲೆ ಬೆಂಕಿ ಉಗುಳುತ್ತ ರಾಕೆಟ್ ಏಳುತ್ತಿತ್ತು.

"ಲೇ, ನಿನ್ನ ರೊಟ್ಟಿ ಹೊಂಟೈತಿ ನೋಡು ಬಾ!"

"ರೊಟ್ಟಿ ಇಲ್ಲೇ ಐತಿ. ಮ್ಯಾಲ ಹೊಂಟಿದ್ದು ಬರೇ ದೊಡ್ಡವರ ಕುರ್ಚಿ," ಎಂದೆ.

ಅವನಿಗೆ ತಿಳಿಯಲಿಲ್ಲ. ಬಿಡಿಸಿ ಹೇಳುವ ತಾಳ್ಮೆ ನನಗೂ ಇರಲಿಲ್ಲ. ಕೊರೆಯುವ ಮಶೀನು ಚಾಲೂ ಮಾಡಿದೆ.