ಅಜ್ಜಿ ಬಿಟ್ಟುಕೊಟ್ಟ ಜಾಗ

ಓಡಿಕೋಲನ್ ವಾಸನೆ ಮೂಗಿಗೆ ಬಡಿದರೆ ನಾನು ಇವತ್ತಿಗೂ ಅಲ್ಲಿ ನಿಲ್ಲಲಾರೆ. ರಾಮಕೃಷ್ಣನಗರದ ಒಂದು ಮನೆಗೆ ಗ್ರಾನೈಟ್ ಹಾಸುತ್ತಿದ್ದಾಗ ಆ ಮನೆಯ ಯಜಮಾನಿ ತಲೆನೋವೆಂದು ಕರ್ಚೀಫಿಗೆ ನಾಲ್ಕು ಹನಿ ಹಾಕಿ ಹಣೆಗೆ ಒತ್ತಿಕೊಂಡರು. ಪಾಪ, ಅವರದ್ದೇನೂ ತಪ್ಪಿಲ್ಲ. ನಾನು ಕರಣೆ ಕೆಳಗಿಟ್ಟು ಹೊರಗೆ ಹೋಗಿ ಉಗಿದು ಬಂದೆ. ನಮ್ಮ ಕ್ರೈಸ್ತರ ಮನೆಗಳಲ್ಲಿ ಅದು ಹೆಣದ ಮೇಲೆ ಚಿಮುಕಿಸುವ ಸೆಂಟು. ಸತ್ತವರಿಗೆ ಕೊನೆಯ ಮರ್ಯಾದೆ ಅನ್ನುತ್ತಾರೆ. ಆ ಮರ್ಯಾದೆ ಎಂಥದ್ದು ಅಂತ ನಾನು ಐದನೇ ಕ್ಲಾಸಿನಲ್ಲೇ ನೋಡಿಬಿಟ್ಟಿದ್ದೇನೆ.

ಆಗ ನಮ್ಮ ಮನೆ ದೇವರಾಜ ಮೊಹಲ್ಲಾದ ಒಂದು ಗಲ್ಲಿಯಲ್ಲಿತ್ತು. ಬೆಳಗಾದರೆ ಮಾರ್ಕೆಟ್ ಕಡೆಯಿಂದ ಮಲ್ಲಿಗೆ, ವೀಳ್ಯದೆಲೆ, ಕಳಿತ ಬಾಳೆಹಣ್ಣು, ಒದ್ದೆ ಗೋಣಿಚೀಲ ಎಲ್ಲ ಕಲೆತ ಗಾಳಿ ಬಾಗಿಲು ತಟ್ಟದೆ ಒಳಗೆ ಬರುತ್ತಿತ್ತು. ಒಳಗೆ ಅಪ್ಪನ ತಾಯಿ, ನಮ್ಮ ಮೋನಿಕಮ್ಮಜ್ಜಿ, ಕಾಫಿಪುಡಿ ಹುರಿದ ಕೈಯಲ್ಲೇ ನನ್ನ ಮುಖ ಒರೆಸುತ್ತಿದ್ದಳು. ದೀಪ ಹಚ್ಚಿದ ಮೇಲೆ ಜಪಸರ. ಜಪ ಮುಗಿದರೂ ಅಜ್ಜಿ ಏಳುತ್ತಿರಲಿಲ್ಲ, ಸತ್ತವರನ್ನೆಲ್ಲ ಹೆಸರು ಹಿಡಿದು ನೆನೆಯುತ್ತಿದ್ದಳು. ವಿಭೂತಿ ಇಟ್ಟುಕೊಂಡೇ ಹೋದ ಎದುರುಮನೆ ಸಿದ್ದಲಿಂಗಮ್ಮನವರೂ ಅದರಲ್ಲಿ ಬರುತ್ತಿದ್ದರು. ಅವರು ನಮ್ಮ ಮತದವರಲ್ಲವಲ್ಲ ಅಂತ ಅಪ್ಪ ಒಮ್ಮೆ ಅಂದದ್ದಕ್ಕೆ, ಒಂದು ಹೆಸರು ಹೆಚ್ಚಾದರೆ ದೇವರಿಗೇನು ಹೊರೆಯಾಗುತ್ತಾ ಅಂತ ಕೇಳಿ ಬಾಯಿ ಮುಚ್ಚಿಸಿದ್ದಳು. ನಮ್ಮ ತಾತ ಅವಳನ್ನು ಮದುವೆಯಾದ ಹತ್ತು ವರ್ಷಕ್ಕೇ ಹೋಗಿದ್ದರಂತೆ. ಅವರನ್ನು ಇಟ್ಟ ಗುಂಡಿಯಲ್ಲಿ ಅವರ ಮೇಲೆ ಇನ್ನೊಬ್ಬರಿಗೆ ಜಾಗವಿತ್ತು. ಅದು ಅಜ್ಜಿಯದ್ದು. ಬೇರೆ ಹೆಂಗಸರು ಒಡವೆ ಮಾತಾಡುವ ಹಾಗೆ ಅವಳು ಆ ಜಾಗದ ಮಾತಾಡುತ್ತಿದ್ದಳು.

ಗಲ್ಲಿಯ ತುದಿಯಲ್ಲಿ ಚರ್ಚ್ ಕಮಿಟಿಯ ಅಂತೋಣಪ್ಪನವರ ಮನೆ. ಅವರ ತಮ್ಮ ಚಿನ್ನಪ್ಪ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ಊದುವವನು. ನಮ್ಮವರಲ್ಲಿ ಯಾರೇ ಸತ್ತರೂ ಪೆಟ್ಟಿಗೆಯ ಮುಂದೆ ಊದಿಕೊಂಡು ಹೋಗುತ್ತಿದ್ದ. ಅವನೇ ಸತ್ತಾಗ ಊದುವವರಿರಲಿ, ಮುಟ್ಟುವವರೂ ಇರಲಿಲ್ಲ. ಏಡ್ಸ್ ಅಂತ ಬಾಯಿಬಿಟ್ಟು ಯಾರೂ ಹೇಳುತ್ತಿರಲಿಲ್ಲ, ‘ಆ ಕಾಯಿಲೆ’ ಅನ್ನುತ್ತಿದ್ದರು. ಹಿತ್ತಲಿನ ಶೆಡ್ಡಿನಲ್ಲಿ ಅವನು ಹೆಣವಾಗಿ ಮಲಗಿದ್ದ. ಅಂತೋಣಪ್ಪನವರು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹೊಸ್ತಿಲಾಚೆ ನಿಂತು, ಓಡಿಕೋಲನ್ ಬಾಟಲನ್ನು ಬಗ್ಗಿಸಿ ದೂರದಿಂದಲೇ ಅವನ ಮೇಲೆ ಎರಚಿದರು. ತಿಗಣೆಗೆ ಔಷಧಿ ಹೊಡೆಯುವುದೂ ಹಾಗೇ. ಅಷ್ಟು ಮಾಡಿ ಎದೆಯ ಮೇಲೆ ಶಿಲುಬೆ ಗುರುತು ಬೇರೆ ಹಾಕಿಕೊಂಡರು. ಅಜ್ಜಿ ಅವರನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದಳು. ಬಿಸಿನೀರು ತರಿಸಿ, ಬಾಗಿಲು ಹಾಕಿಕೊಂಡು, ಒಬ್ಬಳೇ ಅವನನ್ನು ತೊಳೆದು, ತಾತನ ಮದುವೆಯ ಅಂಗಿ ಹಾಕಿ ಹೊರಗೆ ಬಂದಳು.

ಹೂಳುವುದು ಎಲ್ಲಿ ಅನ್ನುವುದು ಆಮೇಲಿನ ರಗಳೆ. ತಮ್ಮ ಹೆತ್ತವರು ಮಲಗಿರುವ ಗುಂಡಿಗೆ ಇವನನ್ನು ಇಳಿಸಲಾರೆ ಎಂದರು ಅಂತೋಣಪ್ಪ. ಸಾಮಾನ್ಯರ ಸಾಲಿಗೆ ಕಮಿಟಿ ಒಪ್ಪಲಿಲ್ಲ. ಆ ಸಾಲನ್ನು ಕೆಲವು ವರ್ಷಕ್ಕೊಮ್ಮೆ ಅಗೆದು ಬೇರೆಯವರನ್ನು ಇಡುತ್ತಾರೆ, ಅಗೆಯುವವನಿಗೆ ಕಾಯಿಲೆ ಅಂಟಿದರೆ ಅಂತ ಅವರ ತರ್ಕ. ಇನ್ನೆಂದೂ ತೆಗೆಯದ ಗುಂಡಿಯಾಗಬೇಕು, ಇಲ್ಲವೇ ಸ್ಮಶಾನದ ಕಾಂಪೌಂಡಿನ ಆಚೆ, ಬೇಲಿ ಪಕ್ಕ. ಫಾದರ್ ಹೊಸಬರು, ಕೈ ಹಿಸುಕಿಕೊಳ್ಳುತ್ತಾ ನಿಂತಿದ್ದರು.

“ನನ್ನ ಜಾಗಕ್ಕೆ ಹಾಕಿ, ಫಾದರ್,” ಅಂದಳು ಅಜ್ಜಿ. “ಆಮೇಲೆ ಮುಚ್ಚಿಬುಡಿ.”

ಅಪ್ಪ ಅಳುತ್ತಲೇ ಕೇಳಿದರು, ನಾಳೆ ನಿನ್ನನ್ನು ಎಲ್ಲಿಗಮ್ಮ ಹಾಕೋದು ಅಂತ. ಮೂವತ್ತು ವರ್ಷ ತನ್ನದೆಂದು ಇಟ್ಟುಕೊಂಡಿದ್ದ ಒಂದೇ ಆಸ್ತಿ ಅದು. ಅಜ್ಜಿ ಸೆರಗಿನಲ್ಲಿ ಮೊದಲು ತನ್ನ ಕಣ್ಣು, ಆಮೇಲೆ ಅಪ್ಪನದ್ದು ಒರೆಸಿದಳು.

“ಎಲ್ಲಾದ್ರೂ ಹಾಕು, ಸತ್ತೋಳಿಗೆ ಏನ್ ಗೊತ್ತಾಗುತ್ತೆ. ಇವನು ಚಿಕ್ಕೋನಿದ್ದಾಗ ಪ್ರಾಕ್ಟೀಸ್ ಮಾಡ್ತಿದ್ರೆ ನಿಮ್ಮಪ್ಪ ಕಿಟಕಿ ಹಾಕ್ಕೊಳ್ತಿದ್ರು ಕಣೋ. ಈಗ ಕೇಳಿಸ್ಕೊಳ್ಳಲಿ ಬುಡು.”

ನಗಬಾರದ ಜಾಗದಲ್ಲಿ ಅಪ್ಪ ನಕ್ಕುಬಿಟ್ಟರು.

ಅಪ್ಪನ ಸೊಂಟ ಬಿದ್ದ ಮೇಲೆ ನಾನು ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟು ಕಲ್ಲಿನ ಕೆಲಸ ಕಲಿತೆ. ಯಾರ ಮುಂದೆಯೂ ಕೈ ಒಡ್ಡದೆ ಹೂಟಗಳ್ಳಿಯಲ್ಲಿ ಸ್ವಂತ ಮನೆ ಕಟ್ಟಿದೆ. ಗಲ್ಲಿಯ ಮನೆ ಹೋಗಿ ಅಲ್ಲಿ ಗೋಡೌನ್ ಬಂತು. ಅಜ್ಜಿ ಎರಡು ಸಾವಿರದ ಇಸವಿ ದಾಟಿದ ಮೇಲೆ ಸತ್ತಳು. ತಾತನ ಗುಂಡಿ ತೆಗೆಯುವ ಹಾಗಿರಲಿಲ್ಲ, ಸ್ಮಶಾನದಲ್ಲಿ ಹೊಸ ಜಾಗ ಯಾರಿಗೂ ಕೊಡುತ್ತಿರಲಿಲ್ಲ. ಸಾಮಾನ್ಯರ ಸಾಲಿಗೆ ಹಾಕಿದೆವು. ಅಂತೋಣಪ್ಪನವರು ಬಂದು ಕರುಣೆಯ ಬಗ್ಗೆ ಮೈಕಿನಲ್ಲಿ ಮಾತಾಡಿದರು. ಆಮೇಲೊಮ್ಮೆ ಅವರಿಗೆ ಮನೆತನದ ಸಮಾಧಿಯನ್ನು ಕರಿ ಗ್ರಾನೈಟಿನಲ್ಲಿ ಕಟ್ಟಿಸುವ ಆಸೆಯಾಗಿ, ಕೆಲಸ ನನ್ನ ಹತ್ತಿರವೇ ಬಂತು. ಕಲ್ಲಿನಲ್ಲಿ ಚಿನ್ನದ ಅಕ್ಷರದಲ್ಲಿ ಕೆತ್ತಬೇಕಿದ್ದ ಹೆಸರುಗಳಲ್ಲಿ ‘ಪ್ರೀತಿಯ ತಮ್ಮ ಚಿನ್ನಪ್ಪ’ ಅಂತಲೂ ಇತ್ತು. ಆ ಕಲ್ಲಿನ ಕೆಳಗೆ ಚಿನ್ನಪ್ಪನ ಒಂದು ಉಗುರೂ ಇಲ್ಲ. ಬೇರೆ ಮೇಸ್ತ್ರಿಯನ್ನು ನೋಡಿಕೊಳ್ಳಿ ಅಂದೆ. ಬೇರೆಯವನು ಚೆನ್ನಾಗಿಯೇ ಮಾಡಿಕೊಟ್ಟ. ಸತ್ತವರ ಹಬ್ಬದ ದಿನ ಅದಕ್ಕೆ ಸೀರಿಯಲ್ ಸೆಟ್ ಹಾಕುತ್ತಾರೆ, ಜನರೇಟರ್ ಹೊಗೆಯಲ್ಲಿ ಸೇವಂತಿಗೆ ಬಾಡುತ್ತದೆ, ಬಂದವರು ಚೆಂದ ಇದೆ ಅನ್ನುತ್ತಾರೆ.

ಒಂದು ನವೆಂಬರಿನಲ್ಲಿ ಅದೇ ಹಬ್ಬಕ್ಕೆ ಹೋದಾಗ ಅಜ್ಜಿಯ ಸಾಲನ್ನು ಅಗೆದಾಗಿತ್ತು. ಅವಳಿದ್ದಲ್ಲಿ ಹಸಿಮಣ್ಣಿನ ಹೊಸ ದಿಬ್ಬ, ಅದರ ಪಕ್ಕ ಯಾರೋ ಒಬ್ಬಳು ಹೆಣ್ಣುಮಗಳು ಎರಡು ಮಕ್ಕಳನ್ನು ಕೂರಿಸಿಕೊಂಡು ಮೇಣದಬತ್ತಿ ಹಚ್ಚುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು. ನನ್ನ ಕೈಯಲ್ಲಿದ್ದ ಮೇಣದಬತ್ತಿ ನೋಡಿ ಅವಳು ಮುಖವೆತ್ತಿ, “ನಮ್ಮ ಯಜಮಾನ್ರು ನಿಮಗೆ ಬೇಕಾದೋರಾ ಅಣ್ಣ?” ಅಂದಳು. ಗಂಡನನ್ನು ಕೇಳಿಕೊಂಡು ಬಂದವನು ನಾನೊಬ್ಬನೇ ಅಂತ ಕಾಣುತ್ತದೆ, ಅವಳ ದನಿಯಲ್ಲಿ ಅಷ್ಟು ಆಸೆಯಿತ್ತು.

“ಹೂಂ ಕಣಮ್ಮ,” ಅಂದೆ. “ಬೇಕಾದೋರೇ.”

ಅವಳು ಮಗುವನ್ನು ತೊಡೆಗೆ ಎಳೆದುಕೊಂಡು, ತನ್ನ ಬತ್ತಿಗಳನ್ನು ಒತ್ತರಿಸಿ, ನನ್ನದಕ್ಕೆ ಜಾಗ ಮಾಡಿದಳು.